ಇಬ್ಬರ ಪಾಲಿನ ಸಿಹಿ

ಶುಕ್ರವಾರ, ಮಧ್ಯಾಹ್ನ

ಅಕ್ಕನಿಗೆ ನಿನ್ನ ಸಣ್ಣಿ ಮಾಡುವ ನಮಸ್ಕಾರ.

ಫೋನಿನಲ್ಲೇ ಹೇಳುತ್ತಿದ್ದೆ, ಆದರೆ ಕೆಳಗಿನ ಮನೆಯಲ್ಲಿ ಅತ್ತೆ ಇದ್ದಾರೆ, ಕೇಳಿಸಿಬಿಟ್ಟರೆ? ಇದನ್ನು ಓದಿ ಹರಿದು ಹಾಕು. ಸಣ್ಣಗೆ ಹರಿ.

ಮಗು ಇಲ್ಲ ಅಕ್ಕಾ. ಐದನೇ ತಿಂಗಳ ಸ್ಕ್ಯಾನಿನಲ್ಲಿ ತಲೆಬುರುಡೆಯೇ ಬೆಳೆದಿಲ್ಲ, ಹುಟ್ಟಿದರೂ ಉಳಿಯುವುದಿಲ್ಲ ಅಂದರು. ತೆಗೆಸಲು ನಾನೂ ಒಪ್ಪಿದೆ, ಇವರೂ ಒಪ್ಪಿದರು, ಹೋದ ವಾರ ತೆಗೆಸಿದೆವು. ಅತ್ತೆಗೆ ಮಾತ್ರ, ರಕ್ತ ಕಡಿಮೆಯಾಗಿ ಆಸ್ಪತ್ರೆಗೆ ಸೇರಿಸಿದ್ದೆ ಅಂತ ಇವರು ಹೇಳಿದ್ದಾರೆ. ಅಮ್ಮನಿಗೆ ನಾನೇ ನಿಧಾನವಾಗಿ ಹೇಳ್ತೀನಿ, ನೀನು ಬಾಯಿ ಬಿಡಬೇಡ ಅಂದರು. ಆ ನಿಧಾನ ಇನ್ನೂ ಮುಗಿದಿಲ್ಲ.

ಅತ್ತೆ ದಿನಾ ಸಿಹಿ ಮಾಡಿ ತರುತ್ತಾರೆ. ಹಾಲು ಬತ್ತಿಸಿ, ಖರ್ಜೂರ ಹಾಕಿ. ಮಂಡಿನೋವಿನಲ್ಲೂ ಮೆಟ್ಟಿಲು ಹತ್ತುತ್ತಾರೆ. ಬಟ್ಟಲು ಖಾಲಿಯಾಗುವ ತನಕ ಎದುರಿಗೇ ಕೂತು, ತಿನ್ನೇ ಮಹಾರಾಯ್ತಿ, ಒಂದು ಚಮಚ ನಿನಗೆ, ಉಳಿದದ್ದೆಲ್ಲ ಒಳಗಿರೋ ಕಳ್ಳನಿಗೆ ಅಂತಾರೆ. ನಾನೂ ನಗುತ್ತೇನೆ.

ಆಸ್ಪತ್ರೆಯ ನರ್ಸಮ್ಮ ಹೇಳಿದ್ದು ಬೇರೆ. ಮೊಟ್ಟೆ, ಬೇಳೆ, ಸೊಪ್ಪು ತಿನ್ನು, ರಕ್ತ ತುಂಬಿಕೊಳ್ಳಬೇಕು, ಸಿಹಿ ತಿಂದರೆ ತಪ್ಪಿಲ್ಲ, ಅದರಲ್ಲೇ ಹೊಟ್ಟೆ ತುಂಬಿಸಬೇಡ ಅಂದಿದ್ದರು. ನನ್ನದು ಅದರಲ್ಲೇ ತುಂಬುತ್ತಿದೆ. ಊಟದ ಹೊತ್ತಿಗೆ ವಾಕರಿಕೆ, ಎದ್ದರೆ ಕಣ್ಣು ಕತ್ತಲೆ. ಸಿಹಿ ಜಾಸ್ತಿಯಾದರೆ ಒಳಗಿನ ಗಾಯ ಮಾಯುವುದಿಲ್ಲ ಅಂತ ಯಾರೋ ಅಂದ ನೆನಪು, ನಿಜವಾ? ನರ್ಸಮ್ಮನನ್ನು ಮತ್ತೆ ಕೇಳಲು ಹೆದರಿಕೆ, ನನ್ನ ಪ್ರಶ್ನೆಗಳಿಂದ ಅವರ ತಲೆ ಕೆಟ್ಟಿರಬೇಕು. ಎದೆಯಲ್ಲಿ ಹಾಲು ಬೇರೆ ಬರುತ್ತಿದೆ ಅಕ್ಕಾ. ಬಿಗಿಯಾಗಿ ಬಟ್ಟೆ ಕಟ್ಟಿ, ಮೇಲೆ ಸ್ವೆಟರ್ ಹಾಕಿ ಕೂರುತ್ತೇನೆ. ಈ ಸೆಕೆಗೆ ಸ್ವೆಟರಾ ಅಂತ ಅತ್ತೆ ಕೇಳಿದರೆ, ಚಳಿಯಾಗ್ತಿದೆ ಅಂತೀನಿ.

ಸಿಹಿ ಬೇಡ ಅಂದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಕೇಳಿದರೆ ಎಲ್ಲ ಬಾಯಿಂದ ಉದುರಿಹೋಗುತ್ತದೆ. ಅದಕ್ಕೇ ತಿನ್ನುತ್ತೇನೆ. ನಾಚಿಕೆಗೇಡು ಏನೆಂದರೆ, ಅದು ರುಚಿಯಾಗಿರುತ್ತದೆ. ಸಂಜೆಯಾದರೆ ಮೆಟ್ಟಿಲ ಸದ್ದಿಗೆ ಕಾಯುತ್ತೇನೆ.

ಇವತ್ತು ಬಂದಾಗ ಹೇಳಿಯೇ ಬಿಡುತ್ತೇನೆ. ಇವರು ಬೈದರೆ ಬೈಯಲಿ. ಹೇಳಿದ ಮೇಲೆ ಅತ್ತೆ ನನ್ನ ಮುಖ ನೋಡುತ್ತಾರೋ ಇಲ್ಲವೋ, ಅದೇ ದಿಗಿಲು.

ಇಂತಿ, ಕಾಗದ ಬರೆಯುವಾಗಲೂ ಬಾಗಿಲು ನೋಡುತ್ತಿರುವ
ನಿನ್ನ ಸಣ್ಣಿ

ತಾ.ಕ.: ಕವರ್ ಅಂಟಿಸುವ ಮೊದಲೇ ಅತ್ತೆ ಬಂದರು. ಹೊಟ್ಟೆಯ ಮೇಲೆ ಕೈಯಿಟ್ಟು, ಮಗು ಮಿಸುಕಾಡ್ತಿದೆಯೇನೇ ಅಂದರು. ಹೂಂ, ಈಗ ಜೋರಾಗಿ ಒದೆಯಿತು ಅಂದುಬಿಟ್ಟೆ. ಖುಷಿಗೆ ಮಗನನ್ನೂ ಕೂಗಿ ಕರೆದರು. ಇವರು ಬಂದು ಕೈಯಿಟ್ಟು, ಹೌದಮ್ಮಾ, ಒದೀತಿದೆ ಅಂದರು.