ಅಮ್ಮನ ಕೋಣೆಯ ವೈಫೈ ಡಬ್ಬಿ

ವಿಲ್ಬರ್ತ್,

ಜೋಳದ ಹಿಟ್ಟಿನ ತಮಾಲೆ ಕಡುಬು ಮಾರಲು ಸಂತೆಗೆ ಹೊರಟೆ. ಮನೆಯ ಮೂಲೆಮೂಲೆಗೂ ವೈಫೈ ಸಿಗಲೆಂದು ನೀನಿಟ್ಟ ಮೂರು ಡಬ್ಬಿಗಳೂ ಸರಿಯಾಗಿವೆ, ಅಂಗಡಿಯವನಿಗೆ ಬೈಯಬೇಡ. ಅಮ್ಮನ ಕೋಣೆಯದನ್ನು ಸೊಕೊರ್ರೊ ಅತ್ತೆ ಕಿತ್ತು, ಅಲ್ಲಿ ಅಮ್ಮನ ಆತ್ಮಕ್ಕಾಗಿ ನಡೆಸುತ್ತಿರುವ ಒಂಬತ್ತು ದಿನದ ಜಪಸರ ಪ್ರಾರ್ಥನೆಯ ಕರೆಂಟ್ ಮೇಣದಬತ್ತಿ ಸಿಕ್ಕಿಸಿದ್ದಾರೆ. ಕೇಳಿದರೆ, "ಸತ್ತೋಳಿಗೆ ದಾರಿ ಕಾಣೋದು ಬೇಡ್ವೇನೇ? ನಿಮ್ ಇಂಟರ್ನೆಟ್ಟೇ ಹೆಚ್ಚಾಯ್ತಾ?" ಅಂದರು. ನೀನು ಜಗಳಕ್ಕೆ ಹೋಗಬೇಡ. ಎಕ್ಸ್‌ಟೆನ್ಶನ್ ಬಾಕ್ಸ್ ಅಡುಗೆಮನೆಯಲ್ಲಿದೆ, ತಂದು ಡಬ್ಬಿ, ಮೇಣದಬತ್ತಿ ಎರಡನ್ನೂ ಅದಕ್ಕೇ ಹಾಕು. ಡಬ್ಬಿಯನ್ನು ನಿನ್ನ ಕೋಣೆಗೆ ಒಯ್ದೀಯ, ಜೋಕೆ! ಅದಿಲ್ಲದೆ ಈ ದಪ್ಪ ಕಲ್ಲುಗೋಡೆ ದಾಟಿ ಅಮ್ಮನ ಕೋಣೆಗೆ ಸಿಗ್ನಲ್ ಹೋಗುವುದಿಲ್ಲ.

ಅಪ್ಪ ದಿನಾ ಮಧ್ಯಾಹ್ನ ಅಮ್ಮನ ಕೋಣೆಗೆ ಹೋಗಿ, ಅವಳ ಹಗ್ಗದ ಜೋಲಿಯಲ್ಲಿ ಮಲಗಿ, ಅವಳು ಕಳಿಸಿದ್ದ ವಾಯ್ಸ್ ಮೆಸೇಜುಗಳನ್ನು ಫೋನಿನಲ್ಲಿ ಕೇಳುತ್ತಾರೆ. "ರೀ, ಹುಳಿ ಕಿತ್ತಳೆ ತರೋದು ಮರೀಬೇಡಿ" ಅನ್ನುವುದನ್ನೇ ನಾಲ್ಕೈದು ಸಲ ಹಾಕಿಕೊಳ್ಳುತ್ತಾರೆ. ನಿನ್ನೆ ಒಂದೂ ಕೇಳಿಸಲಿಲ್ಲ. ಹೊರಗೆ ಬಂದು ನನ್ನ ಹತ್ತಿರ, "ನಿಮ್ ಪ್ರಾರ್ಥನೆ ಫಲಿಸ್ತು ಕಣಮ್ಮಾ, ಅವಳು ಹೊರಟ್ಹೋದ್ಲು" ಅಂದರು.

ಅಪ್ಪ ಇವತ್ತು ಮಲಗುವ ಮೊದಲೇ ಡಬ್ಬಿ ಹಾಕಿಡು. ಪ್ರಾರ್ಥನೆ ಮುಗಿಸಿ ಅಮ್ಮನನ್ನು ಕಳಿಸಿಕೊಡುವುದು ಒಂಬತ್ತನೆಯ ದಿನ ತಾನೇ? ಇವತ್ತಿನ್ನೂ ಆರನೆಯದು.

— ಅಕ್ಕ