ಬಕೆಟ್ಟಿನ ಮೀನುತಲೆ ತಿಂದ ಬಾವನಿಗೆ

ನನ್ನ ಸೋದರತ್ತೆಯ ಮಗ, ನಮ್ಮ ಹಿಮನಾಡಿನ ಕುಸ್ಕೊಕ್ವಿಮ್ ನದಿಯ ಎರಡೂ ದಡಕ್ಕೆ ಸೇರಿ ಒಬ್ಬನೇ ಸೋಮಾರಿಯಾದ ನಿಕಿಫರ್ ಬಾವನಿಗೆ,

ಇಗ್ನಾಟಿ ಬರೆಯುತ್ತಿದ್ದೇನೆ. ಆಸ್ಪತ್ರೆಯಲ್ಲಿ ನಿನ್ನ ಮಹಡಿಯಲ್ಲೇ ಇದ್ದೇನೆ, ಕೂಗಿದರೆ ಕೇಳುವಷ್ಟು ಹತ್ತಿರ. ಕೂಗೋಣವೆಂದರೆ ಗಂಟಲಲ್ಲಿ ಇನ್ನೂ ಕೊಳವೆ ಇದೆ. ಎದ್ದು ಬರೋಣವೆಂದರೆ ಕಾಲು ನನ್ನ ಮಾತು ಕೇಳುತ್ತಿಲ್ಲ. ಬಲಗೈ ಮಾತ್ರ ಪೆನ್ಸಿಲು ಹಿಡಿಯುವಷ್ಟು ವಾಪಸು ಬಂದಿದೆ. ನಾವಿಬ್ಬರೂ ಸ್ಕೂಲಿನ ಒಂದೇ ಕಿಟಕಿಯಿಂದ ಹಾರಿ ಓಡಿದವರು. ಅಕ್ಷರ ಸೊಟ್ಟಗಿದ್ದರೆ ಅದಕ್ಕೆ ವಿಷ ಕಾರಣವಲ್ಲ, ಮೊದಲಿಂದಲೂ ಹಾಗೇ. ತಂಗಿ ಅಗಾಫ್ಯಾ ಇದನ್ನು ನಿನ್ನ ಕಿವಿಯ ಬಳಿ ಓದುತ್ತಾಳೆ. ಗಂಡನನ್ನು ಬೈದ ಮಾತುಗಳನ್ನು ಅವನ ಹೆಂಡತಿಯ ಬಾಯಲ್ಲೇ ಓದಿಸುವ ಭಾಗ್ಯ ಯಾವ ಬಾವನಿಗೆ ಸಿಕ್ಕೀತು ಹೇಳು.

ಕೆಲಸದ ಮಾತು ಮೊದಲು. ನಾಳೆ ದೊಡ್ಡ ಡಾಕ್ಟರಮ್ಮ ಅಗಾಫ್ಯಾಳನ್ನೂ ನಿನ್ನ ಅಣ್ಣ ಮ್ಯಾಟ್ವೆಯನ್ನೂ ಕೂರಿಸಿಕೊಂಡು ಮಾತಾಡುತ್ತಾಳಂತೆ. ನಿನ್ನ ಉಸಿರಿನ ಯಂತ್ರ ಇಟ್ಟುಕೊಳ್ಳುವುದೋ ತೆಗೆಯುವುದೋ ಎಂದು. ನೀನು ಬಿದ್ದಾಗ ಉಸಿರು ನಿಂತು ಸ್ವಲ್ಪ ಹೊತ್ತಾಗಿತ್ತು. ಅಷ್ಟರಲ್ಲಿ ಮಿದುಳು ಕೆಟ್ಟಿರಬಹುದು, ಒಳಗೆ ಯಾರೂ ಇಲ್ಲದಿರಬಹುದು ಎನ್ನುತ್ತಾಳೆ. ತಲೆಗೆ ತಂತಿ ಅಂಟಿಸಿ ನೋಡಿದ್ದಾರೆ. ಏನೋ ಓಡುತ್ತಿದೆಯಂತೆ, ಆದರೆ ಅದು ನೀನೇ ಹೌದೋ ಅಲ್ಲವೋ ಹೇಳಲಾಗದಂತೆ. ನೀನಿದ್ದೀಯ ಎಂದು ನಾನು ಕಾಗದದ ಮೇಲೆ ಬರೆದು ಬರೆದು ಎಲ್ಲರಿಗೂ ತೋರಿಸುತ್ತಿದ್ದೇನೆ. ಹುಟ್ಟಿದಾಗಿನಿಂದ ತಮಾಷೆ ಮಾಡಿದವನ ಮಾತನ್ನು ಯಾರು ನಂಬುತ್ತಾರೆ? ಹಾಗಾಗಿ ನೀನೇ ಎಲ್ಲಾದರೂ ಒಂದು ಕಡೆ ಅಲ್ಲಾಡಬೇಕು. ಕಿರುಬೆರಳಾದರೂ ಸರಿ, ತುಟಿಯ ತುದಿಯಾದರೂ ಸರಿ.

ಅಲ್ಲಾಡಿಸುವುದು ನನ್ನ ಹೊಣೆ. ನಮ್ಮವರಲ್ಲಿ ಬಾವ-ಬಾವಂದಿರು ಎದುರಾದರೆ ಕಿಚಾಯಿಸಲೇಬೇಕು, ಕಿಚಾಯಿಸಿಕೊಂಡವನು ತಿರುಗಿಸಿ ಕೊಡಲೇಬೇಕು. ಸುಮ್ಮನಿದ್ದವನು ಸೋತ. ನೀನು ಇಷ್ಟು ಕಾಲ ಸುಮ್ಮನಿದ್ದದ್ದು ನಿನ್ನ ಜನ್ಮದಲ್ಲೇ ಇಲ್ಲ, ನಾಚಿಕೆಯಾಗಬೇಕು ನಿನಗೆ. ಕೇಳು. ಸೀಲ್ ಎಂದು ನೀನು ಈಟಿ ಎಸೆದದ್ದು ಮ್ಯಾಟ್ವೆಯ ರಬ್ಬರ್ ದೋಣಿಗೆ. ಆ ದೋಣಿ ಸಾಯುವಾಗ ಮಾಡಿದ ಸದ್ದನ್ನು ಊರಿನ ಮಕ್ಕಳು ಇವತ್ತಿಗೂ ನೀನು ದಾರಿಯಲ್ಲಿ ಹೋದಾಗ ಬಾಯಲ್ಲಿ ಮಾಡುತ್ತಾರೆ. ಮೈ ಬೆವರಿಸಿಕೊಳ್ಳುವ ಹಬೆಮನೆಯಲ್ಲಿ ನನಗಿಂತ ಹೆಚ್ಚು ಹೊತ್ತು ಕೂರುತ್ತೇನೆಂದು ಎದೆ ತಟ್ಟಿಕೊಂಡು, ಕತ್ತಲಲ್ಲಿ ಹಲಗೆಯ ಬಿರುಕಿಗೆ ಮೂಗಿಟ್ಟು ಹೊರಗಿನ ತಣ್ಣನೆ ಗಾಳಿ ಎಳೆಯುತ್ತಿದ್ದೆ. ನನಗೆ ಮೊದಲಿಂದ ಗೊತ್ತಿತ್ತು. ಇನ್ನೊಂದು, ನಿನ್ನ ಹೊಸ ಹಿಮಗಾಡಿಯನ್ನು ನಾನು ತೆಗೆದುಕೊಳ್ಳುತ್ತಿದ್ದೇನೆ. ನಿನ್ನ ಹೆಂಡತಿ ಒಪ್ಪಿದ್ದಾಳೆ.

ತಂಗಿ, ಇಲ್ಲಿ ನಿಲ್ಲಿಸಿ ಅವನನ್ನು ಸರಿಯಾಗಿ ನೋಡು. ಕೈ, ಕಾಲು, ಮುಖ, ಎಲ್ಲ. ನೋಡಿ ಆಮೇಲೆ ಮುಂದೆ ಓದು.

ಏನಾಯಿತು ಎಂದು ನಿನಗೆ ಯಾರೂ ಹೇಳಿರಲಾರರು. ಮಲಗಿದವನ ತಲೆಯ ಮೇಲೆ ಎಲ್ಲರೂ ಮಾತಾಡುತ್ತಾರೆ, ಮಲಗಿದವನ ಜೊತೆ ಯಾರೂ ಮಾತಾಡುವುದಿಲ್ಲ. ನಾನು ಹೇಳುತ್ತೇನೆ.

ಈ ಬೇಸಿಗೆಯಲ್ಲಿ, ಹುಳಿತು ಹದವಾಗಲೆಂದು ನಾವು ಮೀನುತಲೆ ಹೂಳುತ್ತಿದ್ದ ಗುಂಡಿಗಳೆಲ್ಲ ದಡದ ಸಮೇತ ನದಿಗೆ ಬಿದ್ದವಲ್ಲ, ನೀನು ಅಂಗಡಿಯಿಂದ ಬಿಳಿ ಬಕೆಟ್ ತಂದೆ. ಆಗ ಊರಲ್ಲಿ ಬಕೆಟ್ ಇಲ್ಲದ ಮನೆಯೇ ಇರಲಿಲ್ಲ. ಸಾಲ್ಮನ್ ತಲೆಗಳನ್ನು ತುಂಬಿ, ಮುಚ್ಚಳದ ಮೇಲೆ ಕುಳಿತು ಒತ್ತಿ, "ನೋಡೋ, ಇನ್ನು ನರಿ ಬರಲ್ಲ, ನೊಣ ಬರಲ್ಲ, ನಿನ್ನಂಥ ಕಳ್ಳನೂ ಬರಲ್ಲ" ಅಂದೆ. "ವಾಸನೇನೂ ಬರಲ್ಲ ಅಂದ್ರೆ ಅದೇನು ಊಟವೋ?" ಅಂದೆ ನಾನು. ಬೇಗ ಹದಕ್ಕೆ ಬರಲಿ ಎಂದು ಹಬೆಮನೆಯ ಬೆಚ್ಚನೆ ಗೋಡೆಗೆ ಒರಗಿಸಿಟ್ಟೆವು.

ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದಳು. ಆ ಕ್ರಿಮಿ ನಮ್ಮ ನದಿಯ ಕೆಸರಲ್ಲಿ ಯಾವತ್ತಿನಿಂದಲೋ ಮಲಗಿದೆಯಂತೆ. ಮುತ್ತಜ್ಜಂದಿರು ತಿಂದ ಮೀನಿನ ಕಿವಿರಲ್ಲೂ ಇತ್ತು, ನಾವು ತಿಂದದ್ದರಲ್ಲೂ ಇತ್ತು. ಅದಕ್ಕೆ ಗಾಳಿ ಆಗದು. ಹುಲ್ಲು ಹಾಸಿದ ಗುಂಡಿಯಲ್ಲಿ ಮಣ್ಣಿನ ತಂಪಿರುತ್ತಿತ್ತು, ಹುಲ್ಲಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಅದು ಮಲಗಿಯೇ ಇರುತ್ತಿತ್ತು. ನಾವು ಮುಚ್ಚಳ ಒತ್ತಿ ಗಾಳಿ ತೆಗೆದೆವು, ಬೆಚ್ಚಗೆ ಇಟ್ಟೆವು. ಅದು ಎದ್ದಿತು. ಎದ್ದು ನಮ್ಮನ್ನು ಕಚ್ಚಲಿಲ್ಲ, ನಮ್ಮ ಮೇಲೆ ಅದಕ್ಕೆ ಯಾವ ಹಗೆಯೂ ಇಲ್ಲ. ತನ್ನಷ್ಟಕ್ಕೆ ಏನೋ ಒಂದನ್ನು ಒಸರಿತು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ರಕ್ತದಲ್ಲಿ ತೇಲಿ ಹೋಗಿ, ನರ ಮಾಂಸಕ್ಕೆ "ಅಲ್ಲಾಡು" ಎಂದು ಹೇಳುವ ಜಾಗದಲ್ಲಿ ಕೂತು ನರದ ಬಾಯಿ ಕಟ್ಟುತ್ತದೆ. ಮಾಂಸ ಸರಿಯಾಗಿದೆ, ತಲೆ ಸರಿಯಾಗಿದೆ, ಹೇಳಿದ್ದು ಮಾತ್ರ ತಲುಪುವುದಿಲ್ಲ. ಊರವರೆಲ್ಲ ಒಬ್ಬರಿಗೊಬ್ಬರು ಮಾತಾಡಿಕೊಳ್ಳುವ ರೇಡಿಯೋ, ನಮ್ಮ ಮನೆಯದರಲ್ಲಿ ಮಾತಾಡುವ ಗುಂಡಿ ಕೆಟ್ಟಿತ್ತಲ್ಲ, ಊರಿನ ಎಲ್ಲರ ಮಾತೂ ನಮಗೆ ಕೇಳುತ್ತಿತ್ತು, ನಮ್ಮದು ಯಾರಿಗೂ ಹೋಗುತ್ತಿರಲಿಲ್ಲ. ಹಾಗೆ.

ಮೊದಲು ತಿಂದವನು ನಾನು. ಒಂದೇ ತಲೆಯ ಮೂಗಿನ ಮೆದು ಎಲುಬು, ಅಷ್ಟೇ. ಮರುದಿನ ಚಹಾ ಕುಡಿಯುತ್ತಾ ತಲೆ ಎತ್ತಿದರೆ ನೀನು ಇಬ್ಬರಾಗಿದ್ದೆ. ಒಬ್ಬ ಬೆಂಚಿನ ಮೇಲೆ, ಇನ್ನೊಬ್ಬ ಅವನ ಭುಜಕ್ಕಿಂತ ಸ್ವಲ್ಪ ಮೇಲೆ, ಏನನ್ನೂ ಮುಟ್ಟದೆ. "ಬಾವ, ಇವತ್ತು ಎರಡು ಕಾಣ್ತಿದೀಯ" ಅಂದೆ. "ಒಬ್ಬನಿಗೇ ಊರು ಅಳ್ತಿದೆ, ಇಬ್ಬರಾದ್ರೆ ಗತಿಯೇನು!" ಅಂದೆ ನೀನು. ನನ್ನ ನಾಲಿಗೆ ದಪ್ಪವಾಗಿ ಮಾತು ಎಳೆಯತೊಡಗಿದಾಗ ನೀನು ಅದನ್ನು ಅಣಕಿಸಿದೆ. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ನನ್ನ ಮುಖ ನಗಲಿಲ್ಲ. ಅಷ್ಟು ಹೊತ್ತಿಗೆ ನನಗೆ ಭಯವಾಯಿತು.

ಜ್ವರವಿಲ್ಲ, ನೋವಿಲ್ಲ. ಯಾರೋ ಮನೆಯೊಳಗೆ ಬಂದು ಮೇಲಿನಿಂದ ಒಂದೊಂದೇ ದೀಪ ಆರಿಸುತ್ತಾ ಇಳಿದ ಹಾಗೆ. ಮೊದಲು ರೆಪ್ಪೆ, ಆಮೇಲೆ ನಾಲಿಗೆ, ಗಂಟಲು, ಕತ್ತು, ತೋಳು. ವಿಮಾನದಲ್ಲಿ ನದಿಯ ಪಟ್ಟಣದ ಆಸ್ಪತ್ರೆಗೆ ಸಾಗಿಸುವಾಗ ಎದೆಗೂ ಬಂತು. ಅಲ್ಲಿ ಲಕ್ವ ಎಂದರು. ಅಲ್ಲಿನ ಡಾಕ್ಟರಮ್ಮ ಬಗ್ಗಿ, "ನಾನು ಹೇಳ್ತಿರೋದು ಕೇಳ್ತಿದೆಯಾ?" ಎಂದು ಕೇಳಿದಳು. ನಾನು ಹುಬ್ಬು ಎತ್ತಿದೆ. ನಮ್ಮವರ "ಹೌದು" ಹುಬ್ಬಿನಲ್ಲಿ ತಾನೇ ಇರುವುದು. ಹುಬ್ಬು ಏಳಲಿಲ್ಲ. ವಿಷ ಎಲ್ಲಕ್ಕಿಂತ ಮೊದಲು ಕದ್ದದ್ದು ನಮ್ಮ "ಹೌದು"ಗಳನ್ನೇ. ರೆಪ್ಪೆ ಬಿದ್ದಿತ್ತು, ಅದರ ಮೇಲೆ ಪಟ್ಟಿ ಅಂಟಿಸಿದರು. ಆ ಕತ್ತಲಲ್ಲಿ ಎದೆ ತಾನಾಗಿ ಏಳುತ್ತಿತ್ತು, ತಾನಾಗಿ ಇಳಿಯುತ್ತಿತ್ತು. ನಾನು ಉಸಿರಾಡುತ್ತಿರಲಿಲ್ಲ ಬಾವ. ಯಾರೋ ನನ್ನನ್ನು ಉಸಿರಾಡುತ್ತಿದ್ದರು.

ಆಗ ನೀನು ಬಂದೆ. ನನ್ನ ಕಿವಿ ಹಿಂಡಿದೆ, ನೋವಾಯಿತು, ಎಷ್ಟು ಸಂತೋಷವಾಯಿತು ಗೊತ್ತಾ! "ಏಳೋ ಹೆಣವೇ, ನಿನ್ನ ಪಾಲಿನ ಮೀನುತಲೆ ಎಲ್ಲ ನಾನೇ ತಿಂದು ಮುಗಿಸ್ತಿದೀನಿ" ಅಂದೆ. ನರ್ಸು ನಕ್ಕಳು. ಸ್ವಲ್ಪ ಹೊತ್ತಿಗೆ, "ಏನೋ ಇದು, ಹಾಸಿಗೆ ತುಂಬ ನೀನೇ ಮಲಗಿದೀಯ? ಎರಡೆರಡು ಇಗ್ನಾಟಿ! ಒಂದನ್ನಾದ್ರೂ ಮನೆಗೆ ಕಳಿಸ್ರಮ್ಮ" ಅಂದೆ. ನರ್ಸು ಮತ್ತೆ ನಕ್ಕಳು.

ನಾನು ಒಳಗೆ ಕಿರುಚಿದೆ. ಅವನನ್ನು ಹಿಡ್ಕೊಳ್ರೋ, ಅವನೂ ತಿಂದಿದಾನೆ, ಅವನಿಗೂ ಬಂತು ಎಂದು ಕಿರುಚಿದೆ. ಎದೆ ತನ್ನ ಲಯದಲ್ಲಿ ಏಳುತ್ತಿತ್ತು, ಇಳಿಯುತ್ತಿತ್ತು. ಕಾಫಿ ಮೂಗಲ್ಲಿ ಬಂತೆಂದು ನೀನು ಕೆಮ್ಮಿ, "ನಿನ್ನ ಮುಖ ನೋಡ್ಕೊಂಡು ಕುಡಿದ್ರೆ ಇನ್ನೇನಾಗತ್ತೆ" ಅಂದೆ. ಒಂದೊಂದು ಮಾತಿಗೂ ನಿನ್ನ ನಾಲಿಗೆ ದಪ್ಪವಾಗುತ್ತಿತ್ತು. ಒಂದೊಂದು ಮಾತಿಗೂ ಆ ಕೋಣೆಯಲ್ಲಿ ನಗು ಏಳುತ್ತಿತ್ತು. ಲೋಕದಲ್ಲಿ ನಿನ್ನ ಸಾವು ಬರುತ್ತಿರುವುದು ಗೊತ್ತಿದ್ದವನು ನಾನೊಬ್ಬನೇ. ಕುರ್ಚಿ ಉರುಳಿದ ಸದ್ದು ಕೇಳುವವರೆಗೂ ನೀನು ತಮಾಷೆ ನಿಲ್ಲಿಸಲಿಲ್ಲ.

ನೀನು ಬಿದ್ದದ್ದರಿಂದಲೇ ನಾನು ಉಳಿದೆ. ಒಂದೇ ಊರಿನ ಇಬ್ಬರು, ಇಬ್ಬರ ರೆಪ್ಪೆಯೂ ಬಿದ್ದಿದೆ ಎಂದು ನೋಡಿ ಆ ಪಟ್ಟಣದ ಡಾಕ್ಟರಮ್ಮ ಅಲ್ಲೇ ನಿಂತುಬಿಟ್ಟಳಂತೆ. "ಇವರಿಬ್ಬರೂ ಏನು ತಿಂದರು?" ಎಂದು ಊರಿಗೆ ಫೋನು ಮಾಡಿಸಿದಳು. ನಮ್ಮ ಬಕೆಟ್ಟನ್ನು ಬೇರೆ ಯಾರೂ ಮುಟ್ಟಿರಲಿಲ್ಲ, ನಿನ್ನ ಹೊಟ್ಟೆಬಾಕತನಕ್ಕೆ ಊರೇ ಋಣಿ. ಮದ್ದು ವಿಮಾನದಲ್ಲಿ ಬರಬೇಕಿತ್ತು, ಮಂಜು ಕವಿದು ವಿಮಾನ ಇಳಿಯಲೇ ಇಲ್ಲ. ಬಂದಾಗ ತಡವಾಗಿತ್ತು. ಅದನ್ನು ಕುದುರೆಯ ರಕ್ತದಿಂದ ತೆಗೆಯುತ್ತಾರಂತೆ. ನಮ್ಮೂರಲ್ಲಿ ಕುದುರೆ ಕಂಡವರಿಲ್ಲ, ಈಗ ಎರಡಿವೆ, ಎರಡೂ ಮಲಗಿವೆ. ಆ ಮದ್ದು ರಕ್ತದಲ್ಲಿ ಅಲೆಯುತ್ತಿರುವ ವಿಷವನ್ನಷ್ಟೇ ಹಿಡಿಯುತ್ತದೆ. ಆಗಲೇ ಕಟ್ಟಿಹೋದ ಬಾಯಿಗಳನ್ನು ಬಿಡಿಸುವುದಿಲ್ಲ. ನರ ತಾನೇ ಹೊಸ ತುದಿ ಚಿಗುರಿಸಿಕೊಳ್ಳಬೇಕು. ನಾನು ತಿಂದದ್ದು ಕಡಿಮೆ, ಬೇಗ ಚಿಗುರಿತು. ನೀನು ತಿಂದದ್ದು ನಿನ್ನ ಯೋಗ್ಯತೆಗೆ ತಕ್ಕಷ್ಟು. ಆಮೇಲೆ ನಮ್ಮಿಬ್ಬರನ್ನೂ ಈ ದೊಡ್ಡ ಆಸ್ಪತ್ರೆಗೆ ತಂದರು.

ಇಲ್ಲಿಯವರೆಗಿನದನ್ನು ಅಗಾಫ್ಯಾ ತೆಗೆದುಕೊಂಡು ಹೋಗಿ ನಿನಗೆ ಓದಿ ಬಂದಳು. ಬಾಗಿಲಲ್ಲಿ ನಿಂತು ಮೂಗು ಸುಕ್ಕಿಸಿದಳು. ಇಲ್ಲ, ಏನೂ ಅಲ್ಲಾಡಲಿಲ್ಲ. ಹಿಮಗಾಡಿಗೂ ಅಲ್ಲಾಡಲಿಲ್ಲ.

ಹಾಗಾದರೆ ತಮಾಷೆ ಸಾಕು. ಇದನ್ನು ಮೆಲ್ಲಗೆ ಓದು ತಂಗಿ, ಬೇರೆಯವರಿಗೆ ಕೇಳಿಸುವುದು ಬೇಡ.

ಬಾವ, ನೀನೀಗ ಎಲ್ಲಿದ್ದೀಯ ಎಂದು ನನಗೆ ಗೊತ್ತು. ಅಲ್ಲಿ ಮೊದಮೊದಲು ಎಲ್ಲರ ಮಾತೂ ಕೇಳುತ್ತದೆ. ನರ್ಸು ತನ್ನ ಬೆಕ್ಕಿನ ಸುದ್ದಿ ಹೇಳುತ್ತಾ ನಿನ್ನನ್ನು ಮಗ್ಗುಲಿಗೆ ಹೊರಳಿಸುತ್ತಾಳೆ. ಕೆನ್ನೆ ತುರಿಸುತ್ತದೆ, ತುರಿಸುತ್ತಲೇ ಇರುತ್ತದೆ. ಅಳೋಣವೆಂದರೆ ಕಣ್ಣೀರಿನ ಬಾವಿಯನ್ನೂ ವಿಷ ಮುಚ್ಚಿರುತ್ತದೆ. ಆಮೇಲೆ ಒಂದು ದಿನ ರೇಡಿಯೋ ಕೇಳತೊಡಗುತ್ತದೆ. ಕೋಣೆಯಲ್ಲಿ ರೇಡಿಯೋ ಇಲ್ಲ. ಆದರೂ ಕೇಳುತ್ತದೆ, ಕರಕರ ಎಂದು, ನಮ್ಮೂರಿನ ದನಿಗಳು. ನದಿಯ ಮಂಜುಗಡ್ಡೆ ಒಡೆದು ಗಾಡಿ ಸಮೇತ ಮುಳುಗಿ ಸತ್ತ ಸೆರ್ಗಿ ಹವೆ ಹೇಗಿದೆ ಎಂದು ಕೇಳುತ್ತಾನೆ. ತೀರಿಹೋದ ನನ್ನ ಅವ್ವ ಚಹಾಕ್ಕೆ ಕರೆಯುತ್ತಾಳೆ. ಯಾರ ದನಿಯಲ್ಲೂ ದುಃಖವಿಲ್ಲ. ಎಲ್ಲರೂ ನಗುತ್ತಿರುತ್ತಾರೆ, ನಮ್ಮ ಹಾಗೇ ಕಿಚಾಯಿಸುತ್ತಾರೆ, ಉತ್ತರ ಕೊಡು ಅನ್ನುತ್ತಾರೆ. ಅಲ್ಲಿ ಮಾತ್ರ ಗುಂಡಿ ಕೆಟ್ಟಿಲ್ಲ ಬಾವ. ನೀನು ಬಾಯಿ ತೆರೆದರೆ ಅವರಿಗೆ ಕೇಳುತ್ತದೆ.

ಉತ್ತರ ಕೊಡಬೇಡ. ಎಷ್ಟೇ ಒಳ್ಳೆಯ ಮಾತು ನಾಲಿಗೆಗೆ ಬಂದರೂ ನುಂಗಿಕೋ. ನಾನು ನುಂಗಿದೆ, ಅವ್ವನಿಗೂ ಹೂಂ ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಗೊತ್ತಾ? ನಿನ್ನ ಕುರ್ಚಿ ಉರುಳಿದ ಸದ್ದು ಕಿವಿಯಲ್ಲೇ ಇತ್ತು. ನೀನು ಆ ಕಡೆ ಇದ್ದೀಯೋ ಈ ಕಡೆ ಇದ್ದೀಯೋ ತಿಳಿಯದೆ ಹೋಗುವುದು ಹೇಗೆ ಎಂದು ಕಾದೆ.

ಹಗಲಲ್ಲಿ ಎಲ್ಲರೆದುರು ನೀನಿದ್ದೀಯ ಎಂದು ಬರೆಯುತ್ತೇನೆ. ಆದರೆ ನನಗೆ ಗೊತ್ತಿಲ್ಲ. ಖಾಲಿ ಮನೆಯ ಬಾಗಿಲಲ್ಲಿ ನಿಂತು ಬೈಯುತ್ತಿದ್ದೇನೋ ಏನೋ. ಇರು ಬಾವ. ಅಲ್ಲಾಡಲು ಆಗದಿದ್ದರೆ ಬಿಡು, ಸುಮ್ಮನೆ ಇರು.

ಇವತ್ತು ಮಾತುಕತೆ ಮುಗಿಯಿತು. ಆದದ್ದನ್ನೂ ಬರೆದುಬಿಡುತ್ತೇನೆ.

ಡಾಕ್ಟರಮ್ಮ ಎಲ್ಲ ಹೇಳಿದಳಂತೆ. ಕೊನೆಗೆ ಅಗಾಫ್ಯಾ ಎದ್ದು ನಿಂತು, "ನಾನು ಅವನ ಹೆಂಡ್ತಿ, ಪರೀಕ್ಷೆ ಮಾಡೋ ಟೀಚರಲ್ಲ. ಇದ್ದೀಯಾ, ಇದ್ದೀಯಾ ಅಂತ ಇನ್ನು ಅವನನ್ನ ಕೇಳಲ್ಲ, ಕೇಳೋಕೂ ಬಿಡಲ್ಲ. ನದಿ ಹೆಪ್ಪುಗಟ್ಟಲಿ, ಆಮೇಲೆ ಒಡೀಲಿ. ಅಲ್ಲೀವರೆಗೂ ಯಂತ್ರ ನಡೀಲಿ" ಅಂದಳಂತೆ. ನರಕ್ಕೆ ಅಷ್ಟು ಕಾಲ ಬೇಕಾಗುವುದೂ ಉಂಟು ಎಂದು ಡಾಕ್ಟರಮ್ಮನೂ ಒಪ್ಪಿದಳು. ಅವಳ ಆ ನಾಲ್ಕು ಮಾತಿನ ಮುಂದೆ ನನ್ನ ಇಷ್ಟುದ್ದದ ಕಾಗದ ದಂಡ.

ಆಮೇಲೆ ಅವಳು ನಿನ್ನ ಕೋಣೆಗೆ ಹೋಗಿ, ಪಟ್ಟಿ ಬಿಡಿಸಿ, ಕಣ್ಣಿಗೆ ಹನಿ ಹಾಕಲು ಹೆಬ್ಬೆರಳಿಂದ ರೆಪ್ಪೆ ಎತ್ತಿದಳು. ಏನೂ ಓದುತ್ತಿರಲಿಲ್ಲ, ಏನೂ ಕೇಳುತ್ತಿರಲಿಲ್ಲ. ರೆಪ್ಪೆ ಅವಳ ಬೆರಳನ್ನು ಕೆಳಕ್ಕೆ ತಳ್ಳಿತಂತೆ. ಹನಿ ಬೇಡ ಎನ್ನುವ ಮಗುವಿನ ಹಾಗೆ, ಒಂದಿಷ್ಟೇ. ಯಂತ್ರ ಏನನ್ನೂ ತೋರಿಸಲಿಲ್ಲ, ನರ್ಸು ಏನನ್ನೂ ನೋಡಲಿಲ್ಲ.

ಡಾಕ್ಟರಮ್ಮನಿಗೆ ಹೇಳಿದೆಯಾ ಎಂದು ಬರೆದು ಕೇಳಿದೆ. "ಹೇಳಿಲ್ಲ ಅಣ್ಣ" ಅಂದಳು. "ಅವನು ಅದನ್ನ ಹೇಳಿದ್ದು ನನ್ನ ಬೆರಳಿಗೆ."

ಅವಸರವಿಲ್ಲ ಬಾವ. ನಿನ್ನ ನರದ ಒಂದೊಂದು ತುದಿಯೂ ತನ್ನ ದಾರಿ ಹುಡುಕಿಕೊಳ್ಳಲಿ. ಕರೆಯುವವರಿಗೆ ನೀನು ಕಿವುಡನಾಗು, ನಮಗಲ್ಲ. ನಿನ್ನ ಬಾಯಲ್ಲಿ ಹೊಟ್ಟೆ ತುಂಬ ಬೈಸಿಕೊಳ್ಳುವ ದಿನ ನನಗೆ ಬರಲಿ, ಅಲ್ಲಿಯವರೆಗೆ ದೇವರು ನಿನ್ನ ಎದೆಯನ್ನು ಏರಿಸಲಿ, ಇಳಿಸಲಿ.

ಸದ್ಯಕ್ಕೆ ಗೆದ್ದಿರುವ, ಗೆದ್ದು ಬೇಸತ್ತಿರುವ,
ನಿನ್ನ ಬಾವ
ಇಗ್ನಾಟಿ