ಊಟ ಆಯ್ತಾ ಅಂತ ಅವನು ಕೇಳಿದ್ದಲ್ಲ

ಜನಕಪುರಿ, ದೆಹಲಿ
ಕಾರ್ತಿಕದ ಕಡೇ ಸೋಮವಾರ

ಮಗಾ ಮಹಂತೇಶ,

ಶಿವ ನಿನ್ನ ತಲೆ ಕಾಯಲಿ. ಕೆಮ್ಮು ಹೇಗಿದೆಯಪ್ಪಾ? ಗಡಿಯ ಮೇಲೆ ಹಿಮ ಬೀಳಲು ಶುರುವಾಯಿತು ಎಂದು ಟೀವಿಯಲ್ಲಿ ತೋರಿಸಿದರು. ಅವತ್ತಿನಿಂದ ನನಗೆ ಎರಡು ರಗ್ಗು ಹೊದ್ದರೂ ಚಳಿ. ಶುಂಠಿ, ಮೆಣಸು ಕುಟ್ಟಿ ಕಷಾಯದ ಪುಡಿ ಮಾಡಿ ಈ ಕಾಗದದ ಜೊತೆಗೇ ಕಟ್ಟಿದ್ದೇನೆ. ನಿಮ್ಮ ಸೈನ್ಯದ ಪೋಸ್ಟಿಗೆ ಸಾಮಾನು ತರುವ ಗಾಡಿಯಲ್ಲಿ ಬಂದೀತು. ನೀನೇ ಕುಡಿ, ಧಾರಾಳತನ ಮಾಡಿ ಎಲ್ಲರಿಗೂ ಹಂಚಿ ಖಾಲಿ ಮಾಡಬೇಡ. ನಾನು ಚೆನ್ನಾಗಿದ್ದೇನೆ, ಮಂಡಿ ನೋವು ಇದ್ದದ್ದೇ. ಇಲ್ಲಿ ಹೊಗೆ ಎಷ್ಟು ಮುಸುಕಿದೆ ಎಂದರೆ ಬೆಳಗ್ಗೆ ಸೂರ್ಯನಾರಾಯಣನಿಗೆ ಅಂದಾಜಿನ ಮೇಲೆ ಕೈ ಮುಗಿಯುತ್ತೇನೆ. ಸಿಂಧೂರಾ ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೆಟ್ರೋಗೆ ಓಡುತ್ತಾಳೆ, ಕತ್ತಲಾದ ಮೇಲೆ ಬರುತ್ತಾಳೆ. ಸೊಸೆ ಎಂದು ಹೊಗಳುತ್ತಿಲ್ಲ, ಬಂದ ಕೂಡಲೇ ಚಪ್ಪಲಿ ಬಿಡುವ ಮೊದಲೇ ಮಗನ ಮುಂದೆ ಕೂರುತ್ತಾಳೆ.

ನಿನ್ನ ಮಗ ಜೀವನ್‌ನ ವಿಷಯ ಬರೆಯಲೆಂದೇ ಕೂತಿದ್ದೇನೆ. ಫೋನಿನಲ್ಲಿ ಹೇಳಬಾರದಿತ್ತೇ ಅನ್ನುತ್ತೀಯ. ನಿನ್ನ ಫೋನು ಎರಡು ಮಾತಿಗೆ ಕಡಿಯುತ್ತದೆ. ಕಡಿಯದಿದ್ದರೂ ಅವನ ದನಿ ಕೇಳಿ ನೀನು ನಗುತ್ತಿರುತ್ತೀಯ, ನಗುತ್ತಿರುವವನಿಗೆ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಹೋದ ತಿಂಗಳು ಅವನಿಗೆ ಜ್ವರ ಬಂದು ಮಕ್ಕಳ ಡಾಕ್ಟರ ಹತ್ತಿರ ಹೋಗಿದ್ದು ನಿನಗೆ ಗೊತ್ತು. ಜ್ವರಕ್ಕೆ ಔಷಧಿ ಬರೆದು ಅವರು ಸುಮ್ಮನಾಗಲಿಲ್ಲ. ಹಿಂದೆ ನಿಂತು ಹೆಸರು ಹಿಡಿದು ಕರೆದರು, ಕೂಸು ತಿರುಗಲಿಲ್ಲ. ಬೇಕಾದ್ದನ್ನು ಬೆರಳು ಮಾಡಿ ತೋರಿಸುತ್ತಾನಾ ಎಂದರು. ಆಡುತ್ತಿದ್ದ ಮಾತು ಯಾವುದಾದರೂ ನಿಂತು ಹೋಗಿದೆಯಾ ಎಂದರು. ಸಿಂಧೂರಾ ಬಾಯಿ ಬಿಡುವ ಮೊದಲೇ ನಾನು ಹೌದೆಂದೆ. ವರ್ಷ ತುಂಬಿದ ಮೇಲೆ ಬುವ್ವ ಅಂತಿದ್ದ, ಟಾಟಾ ಅಂತಿದ್ದ, ನಾನು ದೀಪ ಹಚ್ಚಿದರೆ ಚಾಮಿ ಚಾಮಿ ಅಂತ ಕೈ ಮುಗಿದು ಕುಣಿಯುತ್ತಿದ್ದ. ಈಗ ದೀಪದ ಮುಂದೆ ಎತ್ತಿಕೊಂಡು ನಿಂತರೂ ಅವನ ಕಣ್ಣು ಬೇರೆಲ್ಲೋ. ಡಾಕ್ಟರು, "ಮಾತಾಜೀ, ಬಂದ ಮಾತು ಹೋಗಿದೆ ಅಂದರೆ ವೇಟ್ ಮಾಡಬಾರದು. ಮೊದಲು ಕಿವಿ ಪರೀಕ್ಷೆ ಆಗಲಿ, ಆಮೇಲೆ ಮಕ್ಕಳ ಬೆಳವಣಿಗೆ ನೋಡುವ ಡಾಕ್ಟರಿಗೆ ತೋರಿಸಿ. ಬೇಗ ಶುರು ಮಾಡಿದಷ್ಟೂ ಒಳ್ಳೆಯದು" ಎಂದು ಚೀಟಿ ಬರೆದರು.

ಅವತ್ತೇ ಸಿಂಧೂರಾ ನಿನಗೆ ಹೇಳಿದಳು. ನೀನು ಅಂದದ್ದನ್ನು ನಾನೂ ಕೇಳಿಸಿಕೊಂಡೆ. "ನನ್ನ ಹತ್ತಿರ ಚೆನ್ನಾಗೇ ಮಾತಾಡ್ತಾನಲ್ಲ! ನಿಮ್ಮ ಹತ್ತಿರ ಆಡಲ್ಲ ಅಂದ್ರೆ ನೀವು ಮಾತಾಡಿಸ್ತಿಲ್ಲ ಅಂತ ಅರ್ಥ. ಯುಗಾದಿಗೆ ರಜಾ ಸಿಗುತ್ತೆ, ಅಲ್ಲೀವರೆಗೂ ಯಾರೂ ಅವನನ್ನ ಎಲ್ಲಿಗೂ ಕರ್ಕೊಂಡು ಹೋಗ್ಬೇಡಿ, ಸುಮ್ನೆ ಏನೋ ಒಂದು ಕಾಯಿಲೆ ಅಂತ ಹೆಸರಿಟ್ಟು ಬಿಡ್ತಾರೆ." ಅವಳು ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಅಳುವುದು ನನಗೆ ಕೇಳಬಾರದು ಎಂದು. ನಲ್ಲಿಯ ಸದ್ದಿನಲ್ಲಿ ಅಳು ಕೇಳದಷ್ಟು ಕಿವುಡಾಗಿಲ್ಲ ನಾನು. ಆ ಚೀಟಿಯನ್ನು ಅವಳು ಮತ್ತೆ ಮುಟ್ಟಿಲ್ಲ. ಕೆಲಸಕ್ಕೆ ಹೋಗಿ ತಾನೇ ಮಗನನ್ನು ಹಾಳು ಮಾಡಿದೆ ಎಂದು ನಂಬಿ ಕೂತಿದ್ದಾಳೆ. ಎಷ್ಟು ಮಾತಾಡಿಸುತ್ತಾಳೆ ಗೊತ್ತಾ, ನೋಡಿದರೆ ನನಗೇ ಬಾಯಿ ಒಣಗುತ್ತದೆ.

ಅವನು ಸುಮ್ಮನಿರುವ ಮಗುವಲ್ಲ, ಇಡೀ ದಿನ ಸದ್ದು. ಲಿಫ್ಟಿನಲ್ಲಿ ಬಾಗಿಲು ಹಾಕಿ ಎಂದು ಹಿಂದಿಯಲ್ಲಿ ಬರುತ್ತದಲ್ಲ, "ಕೃಪಯಾ ದರ್ವಾಜಾ ಬಂದ್ ಕರೇಂ", ಅದನ್ನು ಆ ಹೆಂಗಸಿನ ರಾಗದಲ್ಲೇ ಹೇಳುತ್ತಾನೆ. ಮೆಟ್ರೋದ ಸ್ಟೇಷನ್ನುಗಳನ್ನು ಸಾಲಾಗಿ ಕೂಗುತ್ತಾನೆ. ನಾನು ಮಂಗಳಾರತಿ ಹಾಡುವಾಗ ನಡುವೆ ಗಂಟಲು ಸರಿಮಾಡಿಕೊಳ್ಳುತ್ತೇನಲ್ಲ, ಅವನೂ ಅದೇ ಜಾಗದಲ್ಲಿ ಗಂಟಲು ಸರಿಮಾಡುತ್ತಾನೆ! ಮೇಲಿನ ಮನೆಯ ಪದ್ಮಾ, "ಏನ್ರೀ ಲೀಲಮ್ನೋರೇ, ನಿಮ್ಮ ಸೊಸೆ ಮಗನ್ನ ಹೆತ್ತಿದ್ದಾರೋ ರೇಡಿಯೋ ಸ್ಟೇಷನ್ನೇ ಹೆತ್ತಿದ್ದಾರೋ!" ಎಂದು ನಗುತ್ತಾಳೆ. ನಾನೂ ನಕ್ಕೆ, ದೈವಾಂಶ ಎಂದುಕೊಂಡೆ. ಆದರೆ ಬಾಯಾರಿದಾಗ ನೀರು ಎನ್ನುವುದಿಲ್ಲ ಮಗಾ. ನನ್ನ ಮಣಿಕಟ್ಟು ಹಿಡಿದು ಎಳೆದುಕೊಂಡು ಹೋಗಿ ನನ್ನ ಕೈಯನ್ನು ಬಾಟಲಿಯ ಮೇಲೆ ಇಡುತ್ತಾನೆ. ನನ್ನ ಮುಖ ನೋಡುವುದಿಲ್ಲ. ಸೌಟು ಹಿಡಿದ ಹಾಗೆ ಹಿಡಿಯುತ್ತಾನೆ ನನ್ನ ಕೈಯನ್ನು. ಮೊನ್ನೆ ಬಿದ್ದು ತುಟಿ ಒಡೆದು ರಕ್ತ ಬಂತು. ಅಜ್ಜಿ ಅನ್ನಲಿಲ್ಲ, ಅಮ್ಮ ಅನ್ನಲಿಲ್ಲ. ಕಣ್ಣಲ್ಲಿ ನೀರು ಸುರಿಸುತ್ತಾ, "ಕೃಪಯಾ ದರ್ವಾಜಾ ಬಂದ್ ಕರೇಂ" ಎಂದ.

ಈಗ ನಿನ್ನ ಫೋನಿನ ಮಾತಿಗೆ ಬರುತ್ತೇನೆ, ಗಟ್ಟಿ ಮನಸ್ಸು ಮಾಡಿ ಓದು. ಆಚೆ ವಾರದ ಭಾನುವಾರ ನೀನು, "ಊಟ ಆಯ್ತಾ ಬಂಗಾರ?" ಅಂದೆ. ಅವನು, "ಊಟ ಆಯ್ತಾ ಬಂಗಾರ?" ಅಂದ. ನೀನು ಪಕ್ಕದವರಿಗೆಲ್ಲ ಕೂಗಿ ಹೇಳಿದೆ, "ನೋಡ್ರೋ, ನನ್ನ ಮಗ ನನ್ನನ್ನೇ ಬಂಗಾರ ಅಂತಾನೆ, ಊಟ ವಿಚಾರಿಸ್ತಾನೆ!" ನಮ್ಮ ಕಡೆ ಯಾರಾದರೂ ಊಟ ಆಯ್ತಾ ಎಂದರೆ ನಾವೂ ತಿರುಗಿ ಊಟ ಆಯ್ತಾ ಅನ್ನುವುದಿಲ್ಲವೇ, ಅದಕ್ಕೇ ನಿನಗೆ ತಿಳಿಯದೇ ಹೋಯಿತು. ಚೆನ್ನಾಗಿದ್ದೀಯಾ ಎಂದರೆ ಚೆನ್ನಾಗಿದ್ದೀಯಾ. ನೀನು ಕೇಳುತ್ತಿದ್ದದ್ದು ನಿನ್ನ ಮಾತನ್ನೇ. ಆಗ ಅವನು ಮೋಟಾರುಗಾಡಿಯ ಚಕ್ರ ತಿರುಗಿಸುತ್ತಾ ಅದನ್ನೇ ನೋಡುತ್ತಿದ್ದ. ನಿನ್ನ ಲೈನು ಕಡಿದು ಪೀಂ ಪೀಂ ಎಂದು ಸದ್ದು ಬಂತು. ಅವನು ಅದನ್ನೂ ಹೇಳಿದ, ಪೀಂ ಪೀಂ ಎಂದು, ಅದೇ ಮುಖದಲ್ಲಿ. ಅಪ್ಪ ಹೋದನೆಂಬುದು ಆ ಮುಖದಲ್ಲಿ ಎಲ್ಲೂ ಇರಲಿಲ್ಲ. ನಾನು ಹತ್ತಿರವೇ ಕೂತು ನೋಡಿದ್ದೇನೆ.

ಇದಾದ ಮೇಲೂ ಯುಗಾದಿಯವರೆಗೆ ತಡೆಯುತ್ತಿದ್ದೆನೋ ಏನೋ. ಮೊನ್ನೆ ಶನಿವಾರ ತರಕಾರಿ ಮಾರ್ಕೆಟ್ಟಿನಲ್ಲಿ ಕೈ ಕೊಸರಿಕೊಂಡು ಹೋದ. ಜನದ ನಡುವೆ ಜೀವಾ ಜೀವಾ ಎಂದು ಎದೆ ಒಡೆಯುವ ಹಾಗೆ ಕೂಗಿದೆ. ಓಗೊಡಲಿಲ್ಲ. ಕಬ್ಬಿನ ಹಾಲು ತೆಗೆಯುವ ಯಂತ್ರದ ಗಾಲಿ ತಿರುಗುವುದನ್ನು ನೋಡುತ್ತಾ ನಿಂತಿದ್ದ. ಯಾರೋ ಒಬ್ಬ ಬಗ್ಗಿ, "ತೇರಾ ನಾಮ್ ಕ್ಯಾ ಹೈ?" ಎಂದು ಹೆಸರು ಕೇಳುತ್ತಿದ್ದ. ಇವನು, "ತೇರಾ ನಾಮ್ ಕ್ಯಾ ಹೈ?" ಆತ ನಕ್ಕು, "ಅರೇ ವಾಹ್, ಬಡಾ ತೇಜ್ ಹೈ" ಎಂದು ಚೂಟಿತನ ಹೊಗಳಿದ. ಆಮೇಲೆ, "ಚಲೋಗೇ ಮೇರೇ ಸಾಥ್?" ಎಂದ, ನನ್ನ ಜೊತೆ ಬರುತ್ತೀಯಾ ಎಂದು. ಇವನು, "ಚಲೋಗೇ ಮೇರೇ ಸಾಥ್" ಎಂದ. ಆತ ಕೈ ಚಾಚಿದ್ದ. ನಾನು ಹೋಗಿ ಎತ್ತಿಕೊಂಡೆ. ಒಳ್ಳೆಯವನೇ ಇರಬಹುದು, ಮನೆ ಹುಡುಕಿ ಬಿಡೋಣ ಎಂದೇ ಕೇಳಿರಬಹುದು. ಆದರೆ ಕೇಳಿದವರಿಗೆಲ್ಲ ನಮ್ಮ ಕೂಸು ಹೂಂ ಅಂದ ಹಾಗೇ ಕೇಳುತ್ತದೆ. ತನ್ನ ಹೆಸರು ಹೇಳಲಾರದು. ಅವತ್ತಿನಿಂದ ಬಾಗಿಲಿನ ಮೇಲಿನ ಚಿಲಕವನ್ನೂ ಹಾಕುತ್ತೇನೆ, ಹಾಕಿದ್ದೇನಾ ಎಂದು ಮತ್ತೆ ಎದ್ದು ನೋಡುತ್ತೇನೆ.

ಹರಕೆ ಹೊತ್ತಿದ್ದೇನೆ, ಸೋಮವಾರ ಒಪ್ಪತ್ತು ಮಾಡುತ್ತಿದ್ದೇನೆ. ಶಿವನಿಗೆ ಕಿವಿ ಇದೆ. ಆದರೆ ಶಿವನೇ ಡಾಕ್ಟರ ಬಾಯಲ್ಲಿ ಹೇಳಿಸಿದ ಮೇಲೂ ಕಾಯ್ದು ಕೂತರೆ ಅದು ಭಕ್ತಿಯಲ್ಲ, ಸೋಮಾರಿತನ. ಕಿವಿಯದ್ದೋ ಇನ್ನೊಂದೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕು. ಹೆಸರಿಡುತ್ತಾರೆಂದು ನೀನು ಹೆದರುತ್ತೀಯ. ಹೆಸರಿಡದಿದ್ದರೆ ಇಲ್ಲವಾಗುತ್ತದೆಯೇ?

ಮೈ ಕೈ ಬೆಚ್ಚಗಿಟ್ಟುಕೋ. ವಿಭೂತಿ ಕಳಿಸಿದ್ದೇನೆ, ಹಣೆಗೆ ಹಚ್ಚಿಕೊಂಡೇ ಡ್ಯೂಟಿಗೆ ಹೋಗು. ನಿನ್ನ ಜೊತೆಗಿರುವ ಹುಡುಗರಿಗೆಲ್ಲ ಈ ತಾಯಿಯ ಆಶೀರ್ವಾದ ಹೇಳು.

ನಿನ್ನ ಅವ್ವ,
ಲೀಲಮ್ಮ

ತಾ.ಕ.: ಲಕೋಟೆ ಅಂಟಿಸುವ ಮುಂಚೆ ಬರೆಯುತ್ತಿದ್ದೇನೆ. ನಿನ್ನ ಅಪ್ಪಣೆಗೆ ಕಾಯಲಿಲ್ಲ. ಗುರುವಾರ ಕಿವಿ ಪರೀಕ್ಷೆ, ಕರೆದುಕೊಂಡು ಹೋಗುವವಳು ನಾನು. ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೋ, ಸಿಂಧೂರಳಿಗೆ ಒಂದು ಮಾತು ಅನ್ನಬೇಡ. ಇನ್ನೂ ನಂಬಿಕೆ ಬಾರದಿದ್ದರೆ ಈ ಕಾಗದ ಸಿಕ್ಕ ಮೇಲಿನ ಭಾನುವಾರ ಫೋನು ಮಾಡಿದಾಗ ಏನನ್ನೂ ಕೇಳಬೇಡ. ಹಲೋ ಸಹ ಅನ್ನಬೇಡ, ಸುಮ್ಮನಿರು. ಅವನಾಗಿ ಅಪ್ಪನಿಗೆ ಏನು ಹೇಳುತ್ತಾನೋ ಕೇಳಿಸಿಕೋ. ಲೈನು ಕಡಿಯುವವರೆಗೂ ಅವನ ಬಾಯಿಯ ಹತ್ತಿರ ಫೋನು ಹಿಡಿದುಕೊಂಡು ನಾನು ಕೂತಿರುತ್ತೇನೆ.